ಮಾತ್ರೆ ಅಚ್ಚಿನ ಅಮರಮ್ಮ

ಬಹಳ ಹಿಂದೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಕೃಷ್ಣೆಯ ನಡುಗಡ್ಡೆಯ ಮೇಲೆ ಗಡ್ಡೂರು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಅಮರಮ್ಮ ಅನ್ನೋ ಹೆಂಗಸು ಮಾತ್ರೆ ಅಚ್ಚು ಹಾಕುತ್ತಿದ್ದಳಂತೆ.

ಅವಳ ಹತ್ತಿರ ಒಂದು ಯಂತ್ರವಿತ್ತು. ಪಟ್ಟಣದ ಆಸ್ಪತ್ರೆಯವರು ಕೆಲಸ ಕಲಿಸಿ ಕೊಟ್ಟದ್ದು ಅಂತ ಕೆಲವರು, ಹೊಳೆಯಲ್ಲಿ ತೇಲಿ ಬಂದದ್ದು ಅಂತ ಕೆಲವರು. ಮದ್ದಿನ ಪುಡಿ ತೆಳ್ಳಗೆ ಹರಡುವುದು, ಮೇಲೆ ಅಂಟುನೀರಿನ ಹನಿ ಬಿಡುವುದು, ಮತ್ತೆ ಪುಡಿ, ಮತ್ತೆ ಹನಿ. ಹೀಗೆ ಪದರದ ಮೇಲೆ ಪದರ ಕೂರಿಸಿ ಅದು ಮಾತ್ರೆ ಕಟ್ಟುತ್ತಿತ್ತು. ಡಾಕ್ಟರು ಆಚೆ ದಡದಿಂದ ಪ್ರಮಾಣ ಹೇಳಿ ಕಳಿಸುತ್ತಿದ್ದರು, ಇವಳು ಅಷ್ಟಕ್ಕಷ್ಟೇ ಅಚ್ಚು ಹಾಕುತ್ತಿದ್ದಳು. ಅಜ್ಜನಿಗೆ ಅಜ್ಜನ ಅಳತೆ, ಬಾಣಂತಿಗೆ ಬಾಣಂತಿಯ ಅಳತೆ.

ಹರಿಗೋಲು ನಡೆಸುವ ಹುಲಿಗೆವ್ವನ ಮಗಳು ದ್ಯಾವಮ್ಮನಿಗೆ ಫಿಟ್ಸ್ ಬರುತ್ತಿತ್ತು. ಅಂಗಡಿಯ ಮಾತ್ರೆ ದೊಡ್ಡವರ ಅಳತೆಯದು. ತಾಯಿ ಅಡಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದಳು. ಚೂರು ಹೆಚ್ಚಾದರೆ ಹುಡುಗಿ ಹಗಲೆಲ್ಲ ತೂಕಡಿಸುವುದು, ಚೂರು ಕಮ್ಮಿಯಾದರೆ ಕೈಕಾಲು ಸೆಟೆದು ಬೀಳುವುದು. ಅಮರಮ್ಮ ಅವಳ ತೂಕಕ್ಕೆ ಸರಿಯಾಗಿ, ಗುಟುಕು ನೀರಿಗೆ ನಾಲಿಗೆ ಮೇಲೇ ಕರಗುವ ಮಾತ್ರೆ ಮಾಡಿಕೊಟ್ಟಳಂತೆ. ಹುಡುಗಿ ಬೀಳುವುದು ನಿಂತಿತು.

ಅಲ್ಲಿಂದ ಅಮರಮ್ಮನ ಕೈಯಲ್ಲಿ ದೇವರಿದ್ದಾನೆ ಅಂತ ಊರೇ ಹೇಳತೊಡಗಿತು. ಆ ಮಾತೇ ಮುಂದೆ ಮುಳುವಾಯಿತು.

ಆ ವರ್ಷದ ಮಳೆಗಾಲ ಹೊಳೆ ಎರಡೂ ಕಡೆ ಉಕ್ಕಿ ಹರಿಯಿತು. ಹುಲಿಗೆವ್ವನ ಪಕ್ಕದ ಮನೆ ನಾಗವ್ವನ ಮಗ ಸಣ್ಣಮಾನಪ್ಪ ಇನ್ನೂ ತಪ್ಪಡಿ ಇಡುವ ಕೂಸು. ಅವನಿಗೆ ಜ್ವರ ಏರಿ ಮೈ ಅದುರಿತು. ಹುಲಿಗೆವ್ವ ಮನೆಯಿಂದ ಮಾತ್ರೆ ಡಬ್ಬಿ ತಂದಳು.

"ನನ್ನ ಮಗಳಿಗೆ ಆರಾಮಾತು, ನಿನ್ನ ಮಗನಿಗೂ ಆಗ್ತೈತಿ, ತಗೋ ನಾಗವ್ವ" ಅಂತ ದ್ಯಾವಮ್ಮನ ಮಾತ್ರೆಗಳನ್ನೇ ಕೊಟ್ಟಳಂತೆ. ಅದುರುವುದು ನಿಂತಿತು. ನಾಗವ್ವ ಒಳ್ಳೆಯದಾಗಲಿ ಅಂತ ಇನ್ನೊಂದು ಕೊಟ್ಟಳು. ಆಮೇಲೆ ಕೂಸು ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ.

ಅಮರಮ್ಮ ಓಡಿ ಬಂದಳು. ನಾಗವ್ವನ ಅಂಗೈಯಲ್ಲಿ ಉಳಿದಿದ್ದ ಮಾತ್ರೆ ನೋಡಿದಳು. ಬಿಳಿ, ದುಂಡಗೆ. ತಾನು ಊರಿಗೆಲ್ಲ ಮಾಡಿದ ಮಾತ್ರೆಯೂ ಬಿಳಿ, ದುಂಡಗೆ. ಅವಳು ಕೂಸನ್ನು ಎತ್ತಿಕೊಂಡಳಂತೆ.

"ಹುಲಿಗೆವ್ವ, ಹರಿಗೋಲು ಬಿಡು" ಅಂದಳು.

"ಈ ನೀರಾಗ ಯಾರು ಬಿಡ್ತಾರವ್ವ?"

"ನೀನ ಬಿಡ್ತಿ. ಕೂಸು ನಾ ಹಿಡಕೋತೀನಿ."

ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಅಂತ ಈಗ ಹೇಳುತ್ತಾರೆ. ದಡದಲ್ಲಿ ನಿಂತು ನೋಡಿದವರು ಹಾಗೆ ಹೇಳಲಿಲ್ಲ. ಹರಿಗೋಲು ಬುಗುರಿಯ ಹಾಗೆ ತಿರುಗುತ್ತ, ನೀರು ತುಂಬಿಕೊಳ್ಳುತ್ತ, ಎಲ್ಲೋ ಕೆಳಗೆ ಆಚೆ ದಡದ ಜಾಲಿ ಪೊದೆಗೆ ಹೋಗಿ ಸಿಕ್ಕಿಕೊಂಡಿತಂತೆ. ಅಮರಮ್ಮ ಕೂಸಿನ ಎದೆಗೆ ಕಿವಿಯಿಟ್ಟವಳು ದಾರಿಯುದ್ದ ತಲೆ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಆ ಕೂಸು ಬದುಕಿತು.

ವಾಪಸು ಬಂದವಳು ಯಾರನ್ನೂ ಬೈಯಲಿಲ್ಲ. ಯಂತ್ರದ ಮುಂದೆ ಕೂತಳು. ದ್ಯಾವಮ್ಮನಿಗೆ ಮೀನಿನ ಆಕಾರದ ಮಾತ್ರೆ, ಅಜ್ಜನಿಗೆ ನೇಗಿಲಿನದು, ಬಾಣಂತಿಗೆ ತೊಟ್ಟಿಲಿನದು. ಒಬ್ಬರ ಆಕಾರ ಇನ್ನೊಬ್ಬರಿಗೆ ಇಲ್ಲ. ಅಂಗೈಗೆ ಹಾಕುವ ಮುಂಚೆ ಪ್ರತಿಯೊಬ್ಬರನ್ನೂ "ಇದು ಯಾರದು?" ಅಂತ ಕೇಳುತ್ತಿದ್ದಳಂತೆ. "ನಂದು" ಅಂದರೆ ಮಾತ್ರ ಕೊಡುತ್ತಿದ್ದಳಂತೆ.

ಅಮರಮ್ಮ ಹೋದಳು, ಯಂತ್ರವೂ ಹೋಯಿತು. ಈಗ ಸೇತುವೆ ಇದೆ, ಮಾತ್ರೆ ಅಂಗಡಿಯಿಂದಲೇ ಬರುತ್ತದೆ. ಆದರೂ ಗಡ್ಡೂರಿನಲ್ಲಿ ಕೇಳದೆ ಯಾರ ಕೈಗೂ ಮದ್ದು ಹಾಕುವುದಿಲ್ಲ. ಸಕ್ಕರೆ ಕಾಯಿಲೆಯ ಮುದುಕಿಯರು "ನಂದವ್ವ, ನಂದು, ಕೊಡೇ" ಅಂತ ಗೊಣಗಿಯೇ ನುಂಗುತ್ತಾರೆ. ಮಾತು ಬಾರದ ಕೂಸಾದರೆ, ಮನೆಮಂದಿಯೆಲ್ಲ ಸುತ್ತ ನಿಂತು ಅದರ ಪರವಾಗಿ ಹೇಳುತ್ತಾರೆ.