ಅಡ್ಜಸ್ಟ್ ಮಾಡಿಕೊಂಡ ಸೊಸೆ

ಮನೆಯಿಂದ ದಿನವೂ ಪಾಠಕ್ಕೆ ಬರುತ್ತಿದ್ದ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಇಂಗ್ಲಿಷಿನ ಅಡ್ಜಸ್ಟ್ ಎಂಬ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಸರಿಹೊಂದಿಸು, ತಿದ್ದು, ಒಗ್ಗಿಕೋ ಅಂತ ಸಾಲು ಸಾಲು ಅರ್ಥ ಕೊಟ್ಟಿದ್ದಾರೆ. ನಮ್ಮ ಜನ ಬಾಯಿ ತೆರೆದರೆ ಅಡ್ಜಸ್ಟ್ ಮಾಡಿ ಅನ್ನುತ್ತಾರಲ್ಲ, ಅದು ಇವುಗಳಲ್ಲಿ ಯಾವುದು?”

ಗುರುಗಳು ಹೇಳಿದರು: “ಗಡಿಯಾರದ ಮುಳ್ಳನ್ನು ಅಡ್ಜಸ್ಟ್ ಮಾಡುತ್ತಾರೆ. ಮುಳ್ಳಿಗೆ ನೋವಿಲ್ಲ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಬಂದು ಅಡ್ಜಸ್ಟ್ ಮಾಡಿ ಅನ್ನುತ್ತಾನೆ. ಆ ನೋವು ಬಸ್ಸಿನಿಂದ ಇಳಿಯುವ ತನಕ. ಇನ್ನೊಂದು ಬಳಕೆ ಇದೆ, ಕೇಳು.

ಒಬ್ಬ ವ್ಯಾಪಾರಿಯಿದ್ದ. ಅವನ ಮನೆಯಲ್ಲಿ ಮೊದಲು ಗಂಡಸರು ಉಣ್ಣಬೇಕು, ಆಮೇಲೆ ಮಕ್ಕಳು, ಆಮೇಲೆ ಅವನ ತಾಯಿ. ಅವನ ಹೆಂಡತಿ ಕಡೆಗೆ. ಕಡೆಗೆ ಎಂದರೆ ಸೌಟು ಪಾತ್ರೆಯ ತಳ ಕೆರೆಯುವ ಹೊತ್ತಿಗೆ. ಅಷ್ಟರಲ್ಲಿ ನೆಂಟರು ಬಂದರೆ ಅದೂ ಇಲ್ಲ. ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ ಕಣಮ್ಮಾ’ ಎನ್ನುತ್ತಿದ್ದಳು ಅತ್ತೆ. ಆ ಮನೆಗೆ ನೆಂಟರು ಬಹಳ.

ಸೊಸೆ ಬಸುರಿಯಾದಳು. ರಕ್ತ ತೀರಾ ಕಡಿಮೆ, ಚೆನ್ನಾಗಿ ತಿನ್ನಿಸಿ, ಇಲ್ಲದಿದ್ದರೆ ಹೆರಿಗೆಯಲ್ಲಿ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ವ್ಯಾಪಾರಿ ಕೆಟ್ಟವನಲ್ಲ. ಅವತ್ತೇ ನುಗ್ಗೆಸೊಪ್ಪು, ಹೆಸರುಕಾಳು, ಖರ್ಜೂರ ಹೊತ್ತು ತಂದ. ಅತ್ತೆಯೂ ಕೆಟ್ಟವಳಲ್ಲ. ಧಾರಾಳವಾಗಿ ತುಪ್ಪ ಹಾಕಿ ಪಲ್ಯ ಮಾಡಿದಳು. ಮಾಡಿ, ಎಂದಿನಂತೆ ಬಡಿಸಿದಳು. ಮೊದಲು ಗಂಡಸರಿಗೆ.

ಮೈದುನ ಮತ್ತೆ ಮತ್ತೆ ಹಾಕಿಸಿಕೊಂಡು, ‘ಅತ್ತಿಗೆ, ನೀವು ಹೀಗೇ ವರ್ಷಾವರ್ಷ ಬಸುರಿಯಾಗ್ತಾ ಇರಿ, ನಮ್ಗೂ ಒಳ್ಳೆ ಊಟ ಸಿಗುತ್ತೆ’ ಎಂದ. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ಮನೆಮಂದಿಯೆಲ್ಲ ದುಂಡಗಾಗಿದ್ದರು, ಅವಳೊಬ್ಬಳನ್ನು ಬಿಟ್ಟು.

ಹೆರಿಗೆಯ ದಿನ ಡಾಕ್ಟರಮ್ಮ ಹೊರಗೆ ಬಂದು ಗದರಿದರು. ‘ಏನ್ರೀ, ತಿನ್ನಿಸಿ ಅಂತ ಅಷ್ಟು ಹೇಳಿದ್ದೆ. ಮೈಯಲ್ಲಿ ರಕ್ತಾನೇ ಇಲ್ವಲ್ರೀ!’

ವ್ಯಾಪಾರಿ ಕೈಮುಗಿದ. ಅವನ ಬಾಯಿಗೆ ಬಂದದ್ದು ಒಂದೇ ಮಾತು. ‘ಹೇಗಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡಿ, ಡಾಕ್ಟ್ರೇ.’

ಮಗು ಉಳಿಯಿತು. ಹೆಣ್ಣು ಮಗು.”

ಶಿಷ್ಯನಿಗೆ ಸಿಟ್ಟು ಉಕ್ಕಿತು. “ಥೂ, ಎಂಥ ಗಂಡ ಗುರುಗಳೇ ಅವನು! ಹೆಂಡತಿಯ ತಟ್ಟೆಯಲ್ಲಿ ಏನಿದೆ ಅಂತ ಒಂದು ದಿನವಾದರೂ ಬಗ್ಗಿ ನೋಡಬಾರದಿತ್ತೇ?”

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು: “ನಿನ್ನೆ ರಾತ್ರಿ ನಿಮ್ಮಮ್ಮ ಏನು ಉಂಡರು?”