ಉಣ್ಣದವರನ್ನು ಹಿಡಿಯುವ ಬೆಕ್ಕು

ಹಿಟ್ಟಿನ ಗಿರಣಿಯ ಗೋಡೆಯ ಬಿಲದಲ್ಲಿದ್ದ ತಾಯಿ ಇಲಿಗೆ ಮರಿಗೆ ಉಣ್ಣಿಸುವುದೇ ಹರಸಾಹಸವಾಗಿತ್ತು. “ತಟ್ಟೆಯಲ್ಲಿ ಒಂದು ಕಾಳು ಬಿಟ್ಟರೂ ಬೆಕ್ಕು ಬಂದು ಹಿಡಿದುಕೊಂಡು ಹೋಗುತ್ತದೆ, ನೋಡು!” ಎಂದು ಅದು ಹೊತ್ತು ಹೊತ್ತಿಗೂ ಹೆದರಿಸುತ್ತಿತ್ತು. ಮರಿ ಕಣ್ಣು ಮುಚ್ಚಿಕೊಂಡು ಗುಳುಂ ಎಂದು ನುಂಗುತ್ತಿತ್ತು.

ಒಂದು ಮಧ್ಯಾಹ್ನ ಇಬ್ಬರೂ ಉಣ್ಣುತ್ತಿರುವಾಗ ನಿಜವಾದ ಬೆಕ್ಕೇ ಬಂದು ಬಿಲದ ಬಾಯಿಗೆ ಮೂತಿ ಇಟ್ಟಿತು.

“ಒಳಗೆ ಯಾರಿದ್ದೀರಿ?”

ತಾಯಿಯ ಬಾಯೊಳಗಿನ ತುತ್ತು ಬಾಯಲ್ಲೇ ಉಳಿಯಿತು. ಉಸಿರೆತ್ತಬೇಡ ಎಂದು ಸನ್ನೆ ಮಾಡುವಷ್ಟರಲ್ಲಿ ಮರಿ ತನ್ನ ಖಾಲಿ ತಟ್ಟೆಯನ್ನು ಎತ್ತಿ ತೋರಿಸಿತು.

“ನಾನು ಒಂದು ಕಾಳೂ ಬಿಟ್ಟಿಲ್ಲ, ಬೆಕ್ಕಮ್ಮ. ಅಮ್ಮನದೇ ಇನ್ನೂ ಅರ್ಧ ಉಳಿದಿದೆ,” ಎಂದು ಹೇಳಿ, ನಿಶ್ಚಿಂತೆಯಿಂದ ಪಕ್ಕಕ್ಕೆ ಸರಿದು ಬೆಕ್ಕಿಗೆ ದಾರಿ ಬಿಟ್ಟಿತು.