ಆಮೆಯ ಓಂಕಾರಕ್ಕೆ ಹಲ್ಲಿಯ ಸಾಕ್ಷಿ

ಬೆಟ್ಟ ಹೊತ್ತೂ ಏದುಸಿರು ಬಿಡದ ಕೂರ್ಮರೂಪಿ ಹರಿಗೆ ನಮಸ್ಕಾರ.

ಪದ್ಮಾವತಮ್ಮನವರ ಸಾಕು ಆಮೆ ಒಂದು ಬೆಳಿಗ್ಗೆ ಮೂಗಿನಲ್ಲಿ ಸುಂಯ್‌ಗುಟ್ಟತೊಡಗಿತು. “ಇದು ಓಂಕಾರವೇ,” ಎಂದರು ಅಮ್ಮ. ಗೋಡೆಯ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದ ಮೇಲೆ ಸತ್ಯವಲ್ಲವೆ? “ಕೃಷ್ಣ ಕೃಷ್ಣ” ಎನ್ನುತ್ತ ಆಮೆಗೆ ತಣ್ಣೀರಿನ ಅಭಿಷೇಕ ಶುರುಮಾಡಿದರು.

ಎರಡು ಕೊಡ ಮುಗಿದಾಗ ಆಮೆ ಕೇಳಿತು: “ಹಲ್ಲಿರಾಯರೇ, ನನಗೆ ಬಂದಿರುವುದು ನೆಗಡಿ. ಇನ್ನೊಂದು ಕೊಡಕ್ಕೆ ಉಸಿರೇ ಹೋದೀತು. ತಾವು ಯಾಕೆ ನುಡಿದಿರಿ?”

“ನೊಣ ರುಚಿಯಾಗಿತ್ತಪ್ಪ. ದೇವರಾಗಿದ್ದೀಯ, ಅನುಭವಿಸು.”

ಮೂರನೆಯ ಕೊಡ ಮೇಲೇರಿತು. ಆಮೆ ಕತ್ತು ಚಾಚಿ ಅಮ್ಮನ ಮುಖಕ್ಕೇ ಸೀನಿತು.

“ರಾಮ ರಾಮ, ಇದಕ್ಕೆ ಶೀತ,” ಎಂದರು ಅಮ್ಮ, ಮುಖ ಒರೆಸಿಕೊಳ್ಳುತ್ತ. ಅಷ್ಟರಲ್ಲಿ ಇನ್ನೊಂದು ನೊಣ ಸಿಕ್ಕಿ ಹಲ್ಲಿ ಲೊಚಗುಟ್ಟಿತು. ಅಮ್ಮ ಆಮೆಯನ್ನು ಬಿಸಿಲಿಗೆ ಒಯ್ದರು.

ಕೇಳಿದ ನಿಮಗೆಲ್ಲ ಹರಿ ಬೆಚ್ಚನೆಯ ಉಸಿರನ್ನೂ, ಸೀನನ್ನು ಸೀನೆಂದೇ ತಿಳಿಯುವ ಮನೆಯವರನ್ನೂ ಕರುಣಿಸಲಿ.